ಬೈಕಿಗೆ ಎಕ್ಸ್‌ಟ್ರಾ ಲೈಟ್ ಹಾಕೋದು: ರಿಲೇ, ಫ್ಯೂಸ್, ವೈರಿಂಗ್, ಜೊತೆಗೆ ಎದುರಿಂದ ಬರೋರ ಕಣ್ಣು

ಘಾಟಿಯಲ್ಲಿ ರಾತ್ರಿ ಬೈಕ್ ಓಡಿಸೋರಿಗೆ ಸ್ಟಾಕ್ ಹೆಡ್‌ಲೈಟ್ ಸಾಲಲ್ಲ ಅನ್ನೋದು ಹೊಸ ವಿಷ್ಯ ಏನಲ್ಲ. ಆಗುಂಬೆಯ 14 ತಿರುವು ಇಳಿಯುವಾಗ ನೋಡಿ, ರೋಡು ಪಕ್ಕಕ್ಕೆ ಮಡಚಿಕೊಂಡಿರತ್ತೆ, ಲೈಟು ಮಾತ್ರ ನೇರಕ್ಕೆ ತಡೆಗೋಡೆ ಮೇಲೋ ಕಣಿವೆ ಕಡೆಗೋ ಬಿದ್ದಿರತ್ತೆ, ಅದ್ರ ಮೇಲೆ ಬೈಕ್ ವಾಲಿದಾಗ ಬೀಮೂ ವಾಲತ್ತೆ, ಹಂಗಾಗಿ ನಾವು ಹೋಗ್ಬೇಕಾದ ಒಳಬದಿನೇ ಕತ್ತಲಾಗಿರತ್ತೆ. ಜುಲೈ ಆಗಸ್ಟಲ್ಲಿ ಕೊಟ್ಟಿಗೆಹಾರ ದಾಟಿ ಚಾರ್ಮಾಡಿ ಇಳಿಯೋದಾದ್ರೆ ಮಂಜು ಬೇರೆ. ಎಕ್ಸ್‌ಟ್ರಾ ಲೈಟ್ ಬೇಕು, ಅದ್ರಲ್ಲಿ ಎರಡು ಮಾತಿಲ್ಲ. ಆದ್ರೆ ಎಷ್ಟೋ ಕಡೆ ಹಾಕಿಕೊಡೋ ರೀತಿ ಇದ್ಯಲ್ಲ, ಹೆಡ್‌ಲೈಟ್ ವೈರನ್ನ ಅಲ್ಲೇ ಸುಲಿದು, ಹೊಸ ವೈರ್ ಸುತ್ತಿ, ಮೇಲೊಂದು ಕಪ್ಪು ಟೇಪ್ ಅಂಟಿಸಿ ಕಳಿಸೋದು, ಅದು ಬೇಡ್ವೇ ಬೇಡ. ಲೈಟಿಗೆ ಅದ್ರದ್ದೇ ಆದ ಬೇರೆ ಲೈನ್ ಇರ್ಬೇಕು, ಬ್ಯಾಟರಿಯಿಂದ ಹೊರಟು ಫ್ಯೂಸ್, ರಿಲೇ (ಸಣ್ಣ ಕರೆಂಟಿಂದ ದೊಡ್ಡ ಕರೆಂಟನ್ನ ಆನ್ ಆಫ್ ಮಾಡೋ ಸ್ವಿಚ್ಚು) ಹಾದು ಲೈಟಿಗೆ. ಮತ್ತೆ ನೀವು ಡಿಪ್ ಮಾಡಿದ ಕ್ಷಣ ಎದುರಿನವರ ಕಣ್ಣಿಗೆ ಹೊಡೆಯೋ ಲೈಟು ತಾನಾಗೇ ಆರಬೇಕು. ಇವೆರಡಾದ್ರೆ ಉಳಿದಿದ್ದು ಒಂದು ಭಾನುವಾರದ ಕೆಲಸ.

ಮೊದ್ಲು ಯಾವ ಲೈಟು ಅಂತ ತೀರ್ಮಾನ ಮಾಡ್ಕೊಳಿ. ಎಲ್ಲದನ್ನೂ ಫಾಗ್ ಲೈಟ್ ಅಂತಲೇ ಕರೀತಾರೆ, ಆದ್ರೆ ಫಾಗ್ ಬೇರೆ, ಸ್ಪಾಟ್ ಬೇರೆ. ಸ್ಪಾಟ್ ಅಂದ್ರೆ ಉದ್ದಕ್ಕೆ ಹೋಗೋ ಕಿರಿದಾದ ಬೆಳಕು, ಖಾಲಿ ಹೈವೇಗೆ. ಫಾಗ್ ಅಂದ್ರೆ ಅಗಲಕ್ಕೆ ಹರಡಿ, ಮೇಲ್ಗಡೆ ಒಂದು ಗೆರೆ ಎಳೆದ ಹಂಗೆ ಕಟ್ ಆಗಿ, ರೋಡಿನ ಅಂಚು ಮತ್ತೆ ಬಿಳಿ ಪಟ್ಟಿ ತೋರಿಸೋ ಬೆಳಕು. ಹಳದಿ ಲೈಟು ಮಂಜನ್ನ ಸೀಳ್ಕೊಂಡು ಹೋಗತ್ತೆ ಅಂತ ಸುಮಾರು ಜನ ನಂಬಿದಾರೆ, ಹಂಗೇನಿಲ್ಲ. ಮಂಜಿನ ಹನಿಗಳು ಬೆಳಕಿನ ಅಲೆಗಿಂತ ಎಷ್ಟೋ ಪಟ್ಟು ದೊಡ್ಡವು, ಅವು ಬಿಳಿ, ಹಳದಿ ಎರಡನ್ನೂ ಹೆಚ್ಚುಕಮ್ಮಿ ಒಂದೇ ಥರ ಚದುರಿಸ್ತವೆ. ಹಳದಿಯಿಂದ ಆಗೋ ಲಾಭ ಅಂದ್ರೆ ವಾಪಸ್ ಬರೋ ಹೊಳಪು ಕಣ್ಣಿಗೆ ಅಷ್ಟು ಚುಚ್ಚಲ್ಲ, 6000 ಕೆಲ್ವಿನ್‌ನ ನೀಲಿ ಬೆರೆತ ಬಿಳಿಗಿಂತ 3000 ಕೆಲ್ವಿನ್ ಆಸುಪಾಸಿನ ಹಳದಿ ಮಳೆಯಲ್ಲಿ ಹಿತವಾಗಿರತ್ತೆ (ಕೆಲ್ವಿನ್ ಅಂದ್ರೆ ಬೆಳಕಿನ ಬಣ್ಣದ ಅಳತೆ). ಆದ್ರೆ ಮಂಜಲ್ಲಿ ನಿಜವಾಗ್ಲೂ ಕೆಲಸ ಮಾಡೋದು ಲೈಟು ಎಷ್ಟು ಕೆಳಗಿದೆ, ಬೀಮ್ ಮೇಲ್ಗಡೆ ಕಟ್ ಆಗತ್ತಾ ಅನ್ನೋದು. ನಿಮ್ಮ ಕಣ್ಣಿಗೂ ರೋಡಿಗೂ ಮಧ್ಯೆ ಇರೋ ಮಂಜನ್ನ ಬೆಳಗಿಸಿದಷ್ಟೂ ಮುಂದೆ ಬಿಳಿ ಪರದೆ ಕಟ್ಟತ್ತೆ, ಅದಕ್ಕೇ ಚಾರ್ಮಾಡಿಯಲ್ಲಿ ಹೈ ಬೀಮ್ ಹಾಕಿದೋರಿಗೆ ಏನೂ ಕಾಣ್ಸಲ್ಲ. ನನ್ನನ್ನ ಕೇಳಿದ್ರೆ ಮಲೆನಾಡಲ್ಲಿ ಓಡಾಡೋರಿಗೆ ಒಂದು ಜೊತೆ ಒಳ್ಳೆ ಕಟ್‌ಆಫ್ ಇರೋ ಹಳದಿ ಫಾಗ್ ಸಾಕು. ರಾತ್ರಿ ಹೈವೇ ಜಾಸ್ತಿ ಇದ್ರೆ ಮಾತ್ರ ಸ್ಪಾಟ್. ಮಿಣಮಿಣ ಅಂತ ಫ್ಲ್ಯಾಶ್ ಆಗೋ ಮೋಡ್ ಇರೋ ಲೈಟ್ ತಗೊಳ್ಳಲೇಬೇಡಿ, ಎದುರಿನವರಿಗೆ ನೀವು ಎಷ್ಟು ದೂರದಲ್ಲಿದೀರ ಅಂತ ಅಂದಾಜೇ ಸಿಗಲ್ಲ.

ಕಾನೂನಿನ ವಿಷ್ಯ ಇಲ್ಲೇ ಹೇಳಿಬಿಡ್ತೀನಿ. 1989ರ ಕೇಂದ್ರ ಮೋಟಾರು ವಾಹನ ನಿಯಮಗಳಲ್ಲಿ 111ನೇ ನಿಯಮ ಅಂತಿದೆ, ಅದ್ರ ಪ್ರಕಾರ ಆರ್‌ಟಿಓ ಅನುಮತಿ ಇಲ್ದೆ ಗಾಡಿ ಮುಂದೆ ಸ್ಪಾಟ್ ಲೈಟ್, ಸರ್ಚ್ ಲೈಟ್ ಹಾಕೋ ಹಂಗಿಲ್ಲ. 2024ರ ಜುಲೈನಲ್ಲಿ ನಮ್ಮ ಕರ್ನಾಟಕ ಪೊಲೀಸರು ಕಣ್ಣು ಕುಕ್ಕೋ ಎಲ್‌ಇಡಿ ಲೈಟ್ ಹಾಕಿದ ಗಾಡಿಗಳ ಮೇಲೆ ರಾಜ್ಯದಾದ್ಯಂತ ಕೇಸ್ ಹಾಕೋಕೆ ಶುರು ಮಾಡಿದ್ರು, ಅದು ನ್ಯಾಯವಾಗೇ ಇತ್ತು ಅಂತ ನನ್ನ ಅಭಿಪ್ರಾಯ. ಹಂಗಾಗಿ ಬೈಕ್ ಕಂಪನಿಯವರೇ ನಿಮ್ಮ ಮಾಡೆಲ್‌ಗೆ ಅಂತ ಲೈಟ್ ಕಿಟ್ ಮಾರ್ತಿದ್ರೆ ದುಡ್ಡು ಜಾಸ್ತಿ ಆದ್ರೂ ಮೊದಲು ಅದನ್ನೇ ನೋಡಿ, ವಾರಂಟಿ ಜಗಳನೂ ಇರಲ್ಲ. ಹೊರಗಡೆದು ಹಾಕಿದ್ರೆ ಸಿಟಿಯೊಳಗೆ ಆಫ್ ಮಾಡಿಟ್ಟುಕೊಳಿ, ಮೇಲೆ ಕವರ್ ಹಾಕಿ.

ಈಗ ಕರೆಂಟಿನ ಲೆಕ್ಕ. ಡಬ್ಬಿ ಮೇಲೆ ಬರೆದಿರೋ ವ್ಯಾಟ್ ನಂಬೋಕಾಗಲ್ಲ, ಅಂಗಡಿಯಲ್ಲೋ ಮನೆಯಲ್ಲೋ ಅಳೆದು ನೋಡಿ. ಮಲ್ಟಿಮೀಟರ್‌ನ ಕೆಂಪು ಪ್ರೋಬನ್ನ 10 ಆಂಪ್ ತೂತಿಗೆ ಹಾಕಿ, ಬ್ಯಾಟರಿ ಪಾಸಿಟಿವ್‌ನಿಂದ ಮೀಟರ್, ಮೀಟರಿಂದ ಲೈಟು, ಲೈಟಿಂದ ನೆಗೆಟಿವ್, ಹೀಗೆ ಸೀರೀಸಲ್ಲಿ ಜೋಡಿಸಿ. ಡಬ್ಬಿ ಮೇಲೆ ದೊಡ್ಡದಾಗಿ 60 ವ್ಯಾಟ್ ಅಂತ ಇರತ್ತೆ, ಮೀಟರ್ 1.6 ಆಂಪ್ ತೋರಿಸತ್ತೆ ಅಂದ್ಕೊಳಿ, ಬ್ಯಾಟರಿ 12.5 ವೋಲ್ಟ್ ಇದ್ರೆ ಗುಣಿಸಿದ್ರೆ ಬರೋದು 20 ವ್ಯಾಟ್ ಅಷ್ಟೇ. ಅದೇನು ಕೆಟ್ಟದ್ದಲ್ಲ, ಒಳ್ಳೆ ಲೆನ್ಸ್ ಇರೋ 20 ವ್ಯಾಟ್ ಬೇಕಾದಷ್ಟಾಯ್ತು, ಆದ್ರೆ ವೈರು, ಫ್ಯೂಸು ಎಲ್ಲಾ ಈ ನಿಜವಾದ ನಂಬರ್ ಮೇಲೆ ನಿಲ್ಲತ್ತೆ. ಮೀಟರ್ ಕೆಲಸ ಮುಗಿದ ಮೇಲೆ ಪ್ರೋಬನ್ನ ವೋಲ್ಟ್ ತೂತಿಗೆ ವಾಪಸ್ ಹಾಕೋದು ಮರೀಬೇಡಿ, ಆಂಪ್ ತೂತಲ್ಲೇ ಬಿಟ್ಟು ವೋಲ್ಟ್ ಅಳೆಯೋಕೆ ಹೋದ್ರೆ ಬ್ಯಾಟರಿ ನೇರ ಶಾರ್ಟ್ ಆಗತ್ತೆ.

ಎರಡು ಲೈಟು ಸೇರಿ 40 ವ್ಯಾಟ್ ಅಂದ್ರೆ 12 ವೋಲ್ಟಲ್ಲಿ 3.3 ಆಂಪ್. ಬೈಕ್ ಅದನ್ನ ಹೊರತ್ತಾ? ಸಣ್ಣ ಬೈಕುಗಳಲ್ಲಿ ಬರೋ ಎಚ್‌ಎಸ್1 ಹೆಡ್‌ಲೈಟ್ ಬಲ್ಬೇ 35 ವ್ಯಾಟು, ಹಂಗಾಗಿ ನೀವು ಇನ್ನೊಂದು ಹೆಡ್‌ಲೈಟಿಗಿಂತ ಜಾಸ್ತಿ ಲೋಡ್ ಸೇರಿಸ್ತಿದೀರ. 350 ಸಿಸಿ ಮೇಲಿನ ಬೈಕುಗಳಿಗೆ ಸಾಮಾನ್ಯವಾಗಿ ತೊಂದ್ರೆ ಇರಲ್ಲ, ಕಮ್ಯೂಟರ್ (ದಿನಾ ಓಡಾಟದ ಸಣ್ಣ) ಬೈಕಾದ್ರೆ ಎರಡೂ ಸೇರಿ 20 ವ್ಯಾಟ್ ದಾಟದ ಹಂಗೆ ನೋಡ್ಕೊಳಿ. ಪಕ್ಕಾ ಗೊತ್ತಾಗೋದು ಟೆಸ್ಟ್ ಮಾಡಿದ್ರೇನೆ, ಅದನ್ನ ಕೊನೆಗೆ ಹೇಳ್ತೀನಿ.

ಒಂದು ಜೊತೆ ಲೈಟಿಗೆ ಸಾಮಾನು ಅಂತ ಬೇಕಾಗೋದು ಇಷ್ಟು. 12 ವೋಲ್ಟಿನ 4 ಪಿನ್ ರಿಲೇ, ಸಾಕೆಟ್ ಸಮೇತ, 30 ಆಂಪಿಂದು ಸಾಕು, ಹಾರ್ನ್ ರಿಲೇ ಅಂತ ಕೇಳಿದ್ರೂ ಕೊಡ್ತಾರೆ. ಮುಚ್ಚಳ ಇರೋ ಬ್ಲೇಡ್ ಫ್ಯೂಸ್ ಹೋಲ್ಡರ್ ಎರಡು, 5 ಆಂಪ್ ಮತ್ತೆ 1 ಆಂಪ್ ಫ್ಯೂಸು, 1 ಸ್ಕ್ವೇರ್ ಎಂಎಂ ದಪ್ಪದ ಆಟೋ ವೈರ್ ಕೆಂಪು ಕಪ್ಪು ಎರಡೂ, ರಿಲೇನ ಆನ್ ಮಾಡಿಸೋ ಸಣ್ಣ ಟ್ರಿಗರ್ ಲೈನಿಗೆ ಅರ್ಧ ಸ್ಕ್ವೇರ್ ಎಂಎಂ, ಹ್ಯಾಂಡಲ್ ಮೇಲೆ ಕೂರೋ ವಾಟರ್‌ಪ್ರೂಫ್ ಸ್ವಿಚ್, ಬ್ಯಾಟರಿ ಬೋಲ್ಟಿಗೆ ಕೂರೋ ರಿಂಗ್ ಲಗ್ಸ್, ಬಿಸಿ ಮಾಡಿದ್ರೆ ವೈರ್ ಮೇಲೆ ಬಿಗಿಯಾಗೋ ಹೀಟ್ ಶ್ರಿಂಕ್ ಕೊಳವೆ, ವೈರ್ ಸ್ಲೀವ್, ಕೇಬಲ್ ಟೈ, ಲಗ್ಸನ್ನ ವೈರಿಗೆ ಒತ್ತಿ ಹಿಡಿಸೋ ಕ್ರಿಂಪಿಂಗ್ ಟೂಲ್. ಮನೆ ವೈರಿಂಗಲ್ಲಿ ಉಳಿದಿರೋ ಒಂಟಿ ಗಟ್ಟಿ ತಂತಿ ವೈರ್ ಬೇಡ, ಬೈಕಿನ ವೈಬ್ರೇಶನ್ನಿಗೆ ಒಳಗೇ ಮುರಿದು ಹೋಗತ್ತೆ, ಸಣ್ಣ ಸಣ್ಣ ಎಳೆ ಇರೋದೇ ಬೇಕು. ಬೆಂಗಳೂರಲ್ಲಾದ್ರೆ ಜೆಸಿ ರೋಡಲ್ಲಿ ಒಂದು ಸುತ್ತು ಹಾಕಿದ್ರೆ ಇದೆಲ್ಲಾ ಸಿಗತ್ತೆ, ಊರ ಕಡೆ ಆಟೋ ಎಲೆಕ್ಟ್ರಿಕಲ್ ಅಂಗಡಿ ಸಾಕು. ಲೈಟ್ ಮೇಲೆ ಐಪಿ67 ಅಂತ ಇದ್ರೆ ಧೂಳಿಗೆ ಪೂರ್ತಿ ಬಂದೋಬಸ್ತು, ಒಂದು ಮೀಟರ್ ನೀರಲ್ಲಿ ಅರ್ಧ ಗಂಟೆ ಮುಳುಗಿದ್ರೂ ಒಳಗೆ ಹೋಗಬಾರ್ದು ಅಂತ ಅರ್ಥ. ನಂಬಿಕೆ ಬರದೇ ಇದ್ರೆ ಹಾಕೋ ಮುಂಚೆ ಬಕೆಟ್ ನೀರಲ್ಲಿ ಮುಳುಗಿಸಿಟ್ಟು ಲೆನ್ಸ್ ಒಳಗೆ ಹಬೆ ಕಟ್ಟತ್ತಾ ನೋಡಿ.

ಕೂರಿಸೋ ಜಾಗ. ಫಾಗ್ ಆದ್ರೆ ಕ್ರ್ಯಾಶ್ ಗಾರ್ಡ್ ಮೇಲೆ, ಹೆಡ್‌ಲೈಟಿಗಿಂತ ಕೆಳಗೆ, ಆದ್ರೆ ಮುಂದಿನ ಚಕ್ರದ ಕೆಸರು ನೇರ ಹೊಡೆಯದ ಎತ್ತರದಲ್ಲಿ. ಗಾರ್ಡಿನ ಪೈಪ್ ಎಷ್ಟು ದಪ್ಪ ಅಂತ ಅಳೆದು ಕ್ಲಾಂಪ್ ತಗೊಳಿ, ಒಳಗೆ ರಬ್ಬರ್ ಪಟ್ಟಿ ಕೊಟ್ಟು ಬಿಗಿ ಮಾಡಿ, ನಟ್ ನೈಲಾಕ್ (ಒಳಗೆ ನೈಲಾನ್ ಉಂಗುರ ಇರೋದು) ಇರ್ಲಿ, ಇಲ್ಲಾಂದ್ರೆ ನಮ್ಮ ಹಳ್ಳಿ ರೋಡಲ್ಲಿ ಲೈಟು ಎರಡೇ ದಿನಕ್ಕೆ ತಲೆ ಬಗ್ಗಿಸತ್ತೆ. ಎರಡೂ ಕಡೆ ನೆಲದಿಂದ ಒಂದೇ ಎತ್ತರ ಇದ್ಯಾ ಅಂತ ಟೇಪ್ ಹಿಡಿದು ನೋಡಿ. ಫೋರ್ಕಿಗೆ ಕ್ಲಾಂಪ್ ಹಾಕೋರಿದಾರೆ, ಹ್ಯಾಂಡಲ್ ತಿರುಗಿಸಿದ ಕಡೆ ಬೆಳಕು ತಿರುಗತ್ತೆ ಅನ್ನೋದು ಒಳ್ಳೇದೇ, ಆದ್ರೆ ವೈರು ಪ್ರತಿ ಸಲ ಬಾಗಿ ಬಾಗಿ ಸವೆಯತ್ತೆ.

ಇನ್ನು ವೈರಿಂಗು. ಕೀ ತೆಗೆದು, ಸೀಟ್ ಬಿಚ್ಚಿ, ಬ್ಯಾಟರಿಯ ನೆಗೆಟಿವ್ ಮೊದಲು ಬಿಚ್ಚಿ. ಮೊದಲು ನೆಗೆಟಿವ್ ಯಾಕಂದ್ರೆ ಪಾಸಿಟಿವ್ ಬಿಚ್ಚುವಾಗ ಸ್ಪ್ಯಾನರ್ ಫ್ರೇಮಿಗೆ ತಾಗಿದ್ರೆ ಅಲ್ಲೇ ಬೆಂಕಿ ಕಿಡಿ, ನೆಗೆಟಿವ್ ಬಿಚ್ಚಿದ್ರೆ ಫ್ರೇಮಿಗೂ ಬ್ಯಾಟರಿಗೂ ಸಂಬಂಧನೇ ಇರಲ್ಲ. ಜೋಡಿಸುವಾಗ ಉಲ್ಟಾ, ನೆಗೆಟಿವ್ ಕೊನೆಗೆ.

ರಿಲೇ ಅಡಿಯಲ್ಲಿ ನಂಬರ್ ಅಚ್ಚಾಗಿರತ್ತೆ: 30, 87, 85, 86. ಬ್ಯಾಟರಿ ಪಾಸಿಟಿವ್‌ನಿಂದ ಕೆಂಪು ವೈರು, ಒಂದು ಗೇಣಿನೊಳಗೆ 5 ಆಂಪ್ ಫ್ಯೂಸು, ಅಲ್ಲಿಂದ 30ನೇ ಪಿನ್. 87ರಿಂದ ಹೊರಟ ವೈರು ಮುಂದೆ ಹೋಗಿ ಎರಡಾಗಿ ಒಡೆದು ಎರಡೂ ಲೈಟಿನ ಪಾಸಿಟಿವ್‌ಗೆ. ಲೈಟುಗಳ ನೆಗೆಟಿವ್ ಎರಡೂ ಸೇರಿ ಸೀದಾ ಬ್ಯಾಟರಿ ನೆಗೆಟಿವ್‌ಗೆ ಬರ್ಲಿ, ಕ್ರ್ಯಾಶ್ ಗಾರ್ಡಿಗೆ ಅರ್ತ್ ಕೊಡ್ಬೇಡಿ, ಪೇಂಟ್ ಕೆಳಗೆ ತುಕ್ಕು ಬಂದ್ರೆ ಲೈಟ್ ಮಿಣುಕೋಕೆ ಶುರು ಮಾಡತ್ತೆ. ಉಳಿದ 85 ಮತ್ತೆ 86 ರಿಲೇ ಒಳಗಿನ ಕಾಯಿಲ್ಲಿನವು. 85 ಬ್ಯಾಟರಿ ನೆಗೆಟಿವ್‌ಗೆ, 86ಕ್ಕೆ ಸ್ವಿಚ್ಚಿಂದ ಬರೋ ಟ್ರಿಗರ್ ವೈರು. ರಿಲೇ ಒಳಗೆ ಡಯೋಡ್ (ಕರೆಂಟನ್ನ ಒಂದೇ ಕಡೆಗೆ ಬಿಡೋ ಭಾಗ) ಇರೋದಾದ್ರೆ ಇದನ್ನ ಉಲ್ಟಾ ಮಾಡೋ ಹಂಗಿಲ್ಲ, ಮೈ ಮೇಲಿನ ಚಿತ್ರ ನೋಡಿ. ಫ್ಯೂಸ್ ಬ್ಯಾಟರಿ ಹತ್ರನೇ ಯಾಕೆ ಅಂದ್ರೆ, ಫ್ಯೂಸಿಗೂ ಬ್ಯಾಟರಿಗೂ ಮಧ್ಯದ ವೈರಿಗೆ ಯಾವ ರಕ್ಷಣೆನೂ ಇಲ್ಲ. ಅದು ಟ್ಯಾಂಕ್ ಕೆಳಗೆಲ್ಲೋ ಫ್ರೇಮಿಗೆ ಉಜ್ಜಿ ಶಾರ್ಟ್ ಆದ್ರೆ ವೈರೇ ಕೆಂಪಗೆ ಕಾಯತ್ತೆ, ಮೇಲೆ ಪೆಟ್ರೋಲ್ ಇದೆ.

"ಎಲ್‌ಇಡಿಗೆಲ್ಲಾ ರಿಲೇ ಯಾಕಣ್ಣ, ಡೈರೆಕ್ಟ್ ಎಳೆದುಬಿಡ್ತೀನಿ" ಅಂತ ಮೆಕ್ಯಾನಿಕ್ ಹುಡುಗ್ರು ಹೇಳ್ತಾರೆ. ಬರೀ 3 ಆಂಪ್ ತಾನೇ ಅಂತ ಅವ್ರ ಲೆಕ್ಕ. ಆದ್ರೆ ಹ್ಯಾಂಡಲ್ ಮೇಲಿನ ಅಗ್ಗದ ಸ್ವಿಚ್ಚಿನ ಕಾಂಟ್ಯಾಕ್ಟು ಅಷ್ಟು ಸಣ್ಣಕ್ಕಿರತ್ತೆ, ಮಳೆ ನೀರು ಬೇರೆ ಇಳಿಯತ್ತೆ, ದಿನಾ 3 ಆಂಪ್ ಹಾದ್ರೆ ಸುಟ್ಟು ಕಪ್ಪಾಗತ್ತೆ. ರಿಲೇ ಕಾಯಿಲ್ ಎಳೆಯೋದು ಸುಮಾರು 0.15 ಆಂಪ್, ಅಷ್ಟನ್ನ ಯಾವ ಸ್ವಿಚ್ಚಾದ್ರೂ ತಡ್ಕೊಳತ್ತೆ. ಅದಕ್ಕಿಂತ ಮುಖ್ಯ ಅಂದ್ರೆ ಬೈಕಿನ ಒರಿಜಿನಲ್ ವೈರಿಂಗ್ ಮೇಲೆ ಹೊಸ ಲೋಡ್ ಬೀಳೋದು ಆ 0.15 ಆಂಪ್ ಮಾತ್ರ.

ಆ ಟ್ರಿಗರ್ ಎಲ್ಲಿಂದ ತಗೊಳೋದು ಅನ್ನೋದ್ರ ಮೇಲೆ ಇಡೀ ಸೆಟಪ್ ಒಳ್ಳೇದೋ ಕೆಟ್ಟದ್ದೋ ಅಂತ ತೀರ್ಮಾನ ಆಗತ್ತೆ. 2017ರ ಏಪ್ರಿಲ್‌ನಿಂದ ನಮ್ಮ ದೇಶದ ಎಲ್ಲಾ ಹೊಸ ಟೂ ವೀಲರ್‌ಗಳಲ್ಲೂ ಇಂಜಿನ್ ಆನ್ ಆದ್ರೆ ಹೆಡ್‌ಲೈಟ್ ತಾನಾಗೇ ಆನ್ ಇರತ್ತೆ. ಹಂಗಾಗಿ ಲೋ ಬೀಮ್ ವೈರಿಂದ ಟ್ರಿಗರ್ ತಗೊಂಡು ಸ್ವಿಚ್ ಹಾಕದೇ ಇದ್ರೆ ಹಗಲಲ್ಲೂ ಉರೀತಿರತ್ತೆ. ಸ್ಪಾಟ್ ಆದ್ರೆ ಹೈ ಬೀಮ್ ವೈರಿಂದಲೇ ತಗೊಳಿ, ಬೇರೆ ಮಾತೇ ಬೇಡ. ಎದುರಿಗೆ ಬಸ್ ಬಂತು, ಎಡಗೈ ಹೆಬ್ಬೆರಳಲ್ಲಿ ಡಿಪ್ ಮಾಡಿದ್ರಿ, ಹೈ ಬೀಮ್ ಜೊತೆ ಸ್ಪಾಟೂ ಆರತ್ತೆ, ಇನ್ನೊಂದು ಸ್ವಿಚ್ ಹುಡುಕೋ ಕೆಲಸನೇ ಇಲ್ಲ. ತಿರುವಲ್ಲಿ ಕ್ಲಚ್ಚು, ಬ್ರೇಕು ಅಂತ ಕೈ ತುಂಬಿರುವಾಗ ಬೇರೆ ಸ್ವಿಚ್ ಆಫ್ ಮಾಡೋದು ಯಾರಿಂದಲೂ ಆಗಲ್ಲ, ಆ ಒಂದೆರಡು ಸೆಕೆಂಡು ಎದುರಿನ ಡ್ರೈವರ್‌ಗೆ ರೋಡೇ ಕಾಣಲ್ಲ, ಅವನ ಎಡಕ್ಕೆ ಕಣಿವೆ ಇರತ್ತೆ. ಫಾಗ್ ಲೈಟಿಗೆ ಬೇರೆ ರಿಲೇ, ಅದ್ರ ಟ್ರಿಗರ್ ಟೇಲ್ ಲೈಟ್ ಅಥವಾ ಪಾರ್ಕಿಂಗ್ ಲೈಟಿನ ವೈರಿಂದ, ಮಧ್ಯೆ ಹ್ಯಾಂಡಲ್ ಸ್ವಿಚ್ಚು. ಕೀ ಆಫ್ ಆದ್ರೆ ಇದೂ ಆಫ್, ಬ್ಯಾಟರಿ ಇಳಿಯೋ ಭಯ ಇಲ್ಲ.

ಟ್ರಿಗರ್ ವೈರ್ ಯಾವ್ದು ಅಂತ ಬಣ್ಣ ನೋಡಿ ನಿರ್ಧಾರ ಮಾಡ್ಬೇಡಿ, ಒಂದೊಂದು ಕಂಪನಿದು ಒಂದೊಂದು ಬಣ್ಣ. ಬ್ಯಾಟರಿ ವಾಪಸ್ ಜೋಡಿಸಿ, ಮೀಟರ್ ಡಿಸಿ ವೋಲ್ಟಿಗಿಟ್ಟು, ಕಪ್ಪು ಪ್ರೋಬ್ ಬ್ಯಾಟರಿ ನೆಗೆಟಿವ್ ಮೇಲೆ, ಕೆಂಪು ಪ್ರೋಬನ್ನ ಹೆಡ್‌ಲೈಟ್ ಕಪ್ಲರ್ (ವೈರು ಸಿಕ್ಕಿಸೋ ಪ್ಲಗ್) ಹಿಂದಿನಿಂದ ತೂರಿಸಿ. ಹೈ ಬೀಮಲ್ಲಿ 12ರ ಮೇಲೆ, ಲೋ ಬೀಮಲ್ಲಿ ಸೊನ್ನೆ ತೋರಿಸಿದ ವೈರೇ ನಿಮ್ಮದು. ಬಲ್ಬ್ ಜಾಗದಲ್ಲೇ ಇರ್ಲಿ. ಆದ್ರೆ ಕಪ್ಲರಿನ ಒಂದು ವೈರು ಹೈ, ಲೋ ಎರಡು ಬೀಮಲ್ಲೂ 12 ತೋರಿಸಿದ್ರೆ ಆ ಬೈಕಲ್ಲಿ ಸ್ವಿಚ್ಚಿಂಗ್ ನೆಗೆಟಿವ್ ಕಡೆ ಇದೆ, ಆಗ 85ನ್ನ ಹೈ ಬೀಮಲ್ಲಿ ಸೊನ್ನೆ, ಲೋ ಬೀಮಲ್ಲಿ 12 ತೋರಿಸೋ ವೈರಿಗೆ, 86ನ್ನ ಸ್ವಿಚ್ ಮೂಲಕ ಕೀ ಆನ್ ಲೈನಿಗೆ ಕೊಡ್ಬೇಕು. ಹಳೇ ಕಮ್ಯೂಟರ್ ಬೈಕುಗಳಲ್ಲಿ ಇನ್ನೊಂದು ಕಥೆ, ಹೆಡ್‌ಲೈಟ್ ಬ್ಯಾಟರಿಯಿಂದ ನಡೆಯಲ್ಲ, ಇಂಜಿನ್ ಕಾಯಿಲ್ಲಿಂದ ಬರೋ ಎಸಿ ಕರೆಂಟಿಂದ ನೇರ ನಡೆಯತ್ತೆ. ಐಡ್ಲಿಂಗಲ್ಲಿ ಲೈಟು ಮಂಕಾಗಿ ಆಕ್ಸಿಲರೇಟರ್ ಕೊಟ್ರೆ ಜೋರಾದ್ರೆ ಅದೇ ಅಂತ ತಿಳ್ಕೊಳಿ. ಆ ವೈರಿಗೆ ರಿಲೇ ಕೊಟ್ರೆ ಟರ್ ಅಂತ ಬಡ್ಕೊಳತ್ತೆ, ಟ್ರಿಗರ್‌ಗೆ ಬ್ರೇಕ್ ಸ್ವಿಚ್ಚಿಗೆ ಬರೋ ಡಿಸಿ ಲೈನ್ ಹಿಡೀರಿ, ಆದ್ರೆ ಇದು ಡಿಪ್ ಜೊತೆ ಆರಲ್ಲ, ಹಂಗಾಗಿ ಫಾಗಿಗೆ ಮಾತ್ರ. ಇನ್ನು ಪೂರ್ತಿ ಎಲ್‌ಇಡಿ, ಸ್ಕ್ರೀನು, ಎಲ್ಲಾ ಕಂಪ್ಯೂಟರ್ ನೋಡ್ಕೊಳೋ ಹೊಸ ಬೈಕಾದ್ರೆ ಹೆಡ್‌ಲೈಟ್ ವೈರ್ ಮುಟ್ಟಲೇಬೇಡಿ, ಕೆಲವು ಬೈಕಲ್ಲಿ ಕಂಪನಿಯೇ ಅಕ್ಸೆಸರಿ ಕಪ್ಲರ್ ಕೊಟ್ಟಿರತ್ತೆ, ಸರ್ವಿಸ್ ಸೆಂಟರಲ್ಲಿ ಕೇಳಿ ಅದ್ರಿಂದ ತಗೊಳಿ.

ಟ್ರಿಗರ್ ತಗೊಂಡ ಜಾಗದ ಪಕ್ಕದಲ್ಲೇ ಆ 1 ಆಂಪ್ ಫ್ಯೂಸ್ ಹಾಕಿ. ಇದನ್ನ ಹಾಕೋರು ಕಮ್ಮಿ. ಹ್ಯಾಂಡಲ್ ಸ್ವಿಚ್ಚಿನ ಹತ್ರ ಟ್ರಿಗರ್ ವೈರ್ ಸವೆದು ಶಾರ್ಟ್ ಆಯ್ತು ಅಂದ್ಕೊಳಿ, ಈ ಫ್ಯೂಸ್ ಇಲ್ದೇ ಇದ್ರೆ ಬೈಕಿನ ಲೈಟ್ ಫ್ಯೂಸೇ ಹಾರತ್ತೆ, ಮಧ್ಯ ಘಾಟಿಯಲ್ಲಿ ಹೆಡ್‌ಲೈಟೇ ಇರಲ್ಲ. ಇದ್ರೆ ಎಕ್ಸ್‌ಟ್ರಾ ಲೈಟ್ ಮಾತ್ರ ಹೋಗತ್ತೆ, ಹೆಡ್‌ಲೈಟಲ್ಲಿ ಮನೆ ಸೇರ್ಬಹುದು.

ಜಾಯಿಂಟುಗಳು ಕ್ರಿಂಪ್ ಆಗಿರ್ಲಿ, ಎಳೆದು ನೋಡಿದ್ರೆ ಬರಬಾರ್ದು, ಮೇಲೆ ಒಳಗೆ ಅಂಟು ಇರೋ ಹೀಟ್ ಶ್ರಿಂಕ್. ಸೋಲ್ಡರ್ ಮಾಡೋದಾದ್ರೆ ಸೋಲ್ಡರ್ ಮುಗಿಯೋ ಜಾಗದಲ್ಲಿ ವೈರ್ ಗಟ್ಟಿಯಾಗಿ ಅಲ್ಲೇ ಮುರಿಯತ್ತೆ, ಜಾಯಿಂಟಿನ ಎರಡೂ ಕಡೆ ಅಲ್ಲಾಡದ ಹಂಗೆ ಕಟ್ಟಿ. ಕಪ್ಪು ಟೇಪ್ ಒಂದನ್ನೇ ನಂಬಿದ್ರೆ ಇಂಜಿನ್ ಬಿಸಿಗೆ ಅಂಟು ಕರಗಿ ಮಳೆಗಾಲದ ಹೊತ್ತಿಗೆ ಬಿಚ್ಚಿಕೊಂಡಿರತ್ತೆ. ರಿಲೇನ ಸೀಟ್ ಕೆಳಗೋ ಸೈಡ್ ಪ್ಯಾನೆಲ್ ಒಳಗೋ ಪಿನ್ ಕೆಳಮುಖ ಇರೋ ಹಂಗೆ ಕೂರಿಸಿ, ನೀರು ಬಂದ್ರೂ ಸಾಕೆಟ್ಟಲ್ಲಿ ನಿಲ್ಲಲ್ಲ.

ವೈರು ಎಳೆಯೋ ದಾರಿ ಬೈಕಿನ ಸ್ವಂತ ಹಾರ್ನೆಸ್ (ವೈರುಗಳ ಕಟ್ಟು) ಹೋಗಿರೋ ದಾರಿನೇ, ಅದ್ರ ಪಕ್ಕದಲ್ಲೇ ಸ್ಲೀವ್ ಹಾಕಿ ಕಟ್ಕೊಂಡು ಹೋಗಿ, ಕಂಪನಿಯವ್ರು ಬಿಸಿ, ಉಜ್ಜಾಟ ಎಲ್ಲಾ ಯೋಚನೆ ಮಾಡೇ ಆ ದಾರಿ ಇಟ್ಟಿರ್ತಾರೆ. ಟ್ಯಾಂಕ್ ಎತ್ತೋಕೆ ಬೇಜಾರಾಗಿ ಹೊರಗಿಂದ ಎಳೆದ್ರೆ ಸೈಲೆನ್ಸರ್ ಬೆಂಡ್ ಹತ್ರ ಕರಗತ್ತೆ. ಹ್ಯಾಂಡಲ್ ಕುತ್ತಿಗೆ ಹತ್ರ ಸ್ವಲ್ಪ ಸಡಿಲ ಬಿಟ್ಟು, ಎಡದಿಂದ ಬಲಕ್ಕೆ ಪೂರ್ತಿ ತಿರುಗಿಸಿ, ಎಲ್ಲೂ ಬಿಗಿಯಾಗಲ್ಲ, ಎಲ್ಲೂ ಚಿವುಟಲ್ಲ ಅಂತ ಕೈಯಾಡಿಸಿ ನೋಡಿ.

ಎಲ್ಲಾ ಜೋಡಿಸಿದ ಮೇಲೆ ಆ ಟೆಸ್ಟು. ಇಂಜಿನ್ ಸ್ಟಾರ್ಟ್ ಮಾಡಿ ಎಕ್ಸ್‌ಟ್ರಾ ಲೈಟ್ ಆಫ್ ಇಟ್ಟು ಬ್ಯಾಟರಿ ಮೇಲೆ ವೋಲ್ಟ್ ನೋಡಿ, ಸ್ವಲ್ಪ ಆಕ್ಸಿಲರೇಟರ್ ಕೊಟ್ರೆ 13.5ರಿಂದ 14.5 ಒಳಗೆ ಇರ್ಬೇಕು. ಈಗ ಹೈ ಬೀಮು, ಎಕ್ಸ್‌ಟ್ರಾ ಲೈಟು, ಬ್ರೇಕ್ ಲೈಟು ಎಲ್ಲಾ ಆನ್ ಮಾಡಿ ನೋಡಿ. ಮಾಮೂಲಿ ಓಡಿಸೋ ಆರ್‌ಪಿಎಂನಲ್ಲಿ 13ರ ಮೇಲೆ ನಿಂತ್ರೆ ಆರಾಮು. ಆ ಆರ್‌ಪಿಎಂನಲ್ಲೂ 12.6ಕ್ಕಿಂತ ಕೆಳಗೆ ಹೋಗ್ತಿದ್ರೆ ಬ್ಯಾಟರಿ ಚಾರ್ಜ್ ಆಗ್ತಿಲ್ಲ, ಖಾಲಿ ಆಗ್ತಿದೆ, ಕಮ್ಮಿ ವ್ಯಾಟಿನ ಲೈಟ್ ಹಾಕ್ದೆ ಬೇರೆ ದಾರಿ ಇಲ್ಲ. ಐಡ್ಲಿಂಗಲ್ಲಿ ಮಾತ್ರ ಇಳಿದ್ರೆ ಸಿಗ್ನಲ್ಲಲ್ಲಿ ಆಫ್ ಮಾಡೋ ಅಭ್ಯಾಸ ಮಾಡ್ಕೊಳಿ.

ಬೀಮ್ ಸೆಟ್ ಮಾಡೋದನ್ನ ಅಂದಾಜಲ್ಲಿ ಮುಗಿಸಬೇಡಿ. ಟೈರ್ ಗಾಳಿ ಸರಿ ಮಾಡಿ, ಸಮತಟ್ಟು ಜಾಗದಲ್ಲಿ ಗೋಡೆಯಿಂದ 5 ಮೀಟರ್ ದೂರ ಬೈಕ್ ನಿಲ್ಲಿಸಿ, ಸ್ಟ್ಯಾಂಡಲ್ಲಲ್ಲ, ನೀವು ಮೇಲೆ ಕೂತಿರ್ಬೇಕು, ಲಗೇಜ್ ಅಥವಾ ಹಿಂದೆ ಸವಾರಿ ಮಾಮೂಲಿ ಇದ್ರೆ ಅದೂ ಇರ್ಲಿ. ಲೈಟಿನ ನಡುಬಿಂದು ನೆಲದಿಂದ ಎಷ್ಟು ಎತ್ತರ ಅಂತ ಅಳೆದು ಗೋಡೆ ಮೇಲೆ ಅದೇ ಎತ್ತರಕ್ಕೆ ಸೀಮೆಸುಣ್ಣದಲ್ಲಿ ಗೆರೆ ಎಳೀರಿ. ಫಾಗ್ ಲೈಟಿನ ಮೇಲಿನ ಅಂಚು ಆ ಗೆರೆಗಿಂತ 10 ಸೆಂಟಿಮೀಟರ್ ಕೆಳಗೆ ಬರ್ಬೇಕು. ಲೈಟು 60 ಸೆಂಟಿಮೀಟರ್ ಎತ್ತರದಲ್ಲಿದ್ರೆ ಆ ಲೆಕ್ಕಕ್ಕೆ ಬೆಳಕಿನ ಅಂಚು 30 ಮೀಟರ್ ಮುಂದೆ ನೆಲ ಮುಟ್ಟತ್ತೆ, ಮಂಜಲ್ಲಿ ಹೋಗೋ ಸ್ಪೀಡಿಗೆ ಅಷ್ಟು ಸಾಕು. ಸ್ಪಾಟ್ ಆದ್ರೆ ಬೆಳಕಿನ ನಡುವು 5 ಸೆಂಟಿಮೀಟರ್ ಕೆಳಗೆ, ಅದು 60 ಮೀಟರಿಗೆ ನೆಲ ಮುಟ್ಟತ್ತೆ. ಅಕ್ಕಪಕ್ಕಕ್ಕೆ ಬಂದ್ರೆ ಎಡಗಡೆ ಲೈಟನ್ನ ಒಂಚೂರು ಎಡಕ್ಕೆ ತಿರುಗಿಸಿ, ಬಲಗಡೆದು ನೇರ, ಬಲಕ್ಕೆ ತಿರುಗಿಸಿದ್ರೆ ಎದುರಿನ ಗಾಡಿಗೇ ಹೋಗತ್ತೆ. ಇದೆಲ್ಲಾ ಆದ್ಮೇಲೆ ರಾತ್ರಿ ಒಬ್ರನ್ನ ಬೈಕ್ ಮೇಲೆ ಕೂರಿಸಿ, ನೀವು 50 ಹೆಜ್ಜೆ ಮುಂದೆ ಹೋಗಿ ಕಾರ್ ಸೀಟಿನ ಎತ್ತರಕ್ಕೆ ಬಗ್ಗಿ ಬೈಕ್ ಕಡೆ ನೋಡಿ, ಕಣ್ಣು ಮುಚ್ಚಬೇಕು ಅನ್ಸಿದ್ರೆ ಇನ್ನೂ ಕೆಳಗಿಳಿಸಿ.

ಮೊದಲನೇ ಲಾಂಗ್ ರೈಡ್ ಮುಗಿಸಿ ಬಂದ ಮೇಲೆ ಕ್ಲಾಂಪ್ ಬೋಲ್ಟು, ಬ್ಯಾಟರಿ ಲಗ್ಸು ಇನ್ನೊಂದ್ಸಲ ಬಿಗಿ ಮಾಡಿ. ಮಳೆಗಾಲ ಮುಗಿದ ಮೇಲೆ ಫ್ಯೂಸ್ ಹೋಲ್ಡರ್ ಬಿಚ್ಚಿ ಒಳಗೆ ಹಸಿರು ಕಿಲುಬು ಹಿಡಿದಿದ್ಯಾ ನೋಡಿ. ಸೀಟ್ ಕೆಳಗೆ ಒಂದೆರಡು 5 ಆಂಪ್ ಫ್ಯೂಸ್ ಯಾವಾಗ್ಲೂ ಇರ್ಲಿ. ಒಂದ್ಸಲ ಹಾರಿದ್ರೆ ಹೊಸದು ಹಾಕಿ, ಅದೂ ಹಾರಿದ್ರೆ 10 ಆಂಪಿಂದು ಹಾಕೋಕೆ ಹೋಗ್ಬೇಡಿ, ಎಲ್ಲೋ ವೈರ್ ಸವೆದು ಫ್ರೇಮಿಗೆ ತಾಗ್ತಿದೆ ಅಂತ ಅರ್ಥ, ಹ್ಯಾಂಡಲ್ ಕುತ್ತಿಗೆ ಹತ್ರದಿಂದ ಹುಡುಕೋಕೆ ಶುರು ಮಾಡಿ.